ಭಾವನ ಕೋವಿಗೆ ರಿಸೀವರ್ ಹುಡುಕಿದ್ದು

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಅರವತ್ತು ಹತ್ತಿರ ಬಂದ ಮೇಲೆ ನಾಟಕದಲ್ಲಿ ಮಾತಾಡುವ ಪಾತ್ರವೊಂದು ಸಿಕ್ಕಿತು. ಅದಕ್ಕಿಂತ ಮೊದಲು ಅವರು ಮೂರು ನಾಟಕಗಳಲ್ಲಿ ಬಣ್ಣ ಹಚ್ಚಿದ್ದರು. ಒಂದರಲ್ಲಿ ಕಾವಲುಗಾರ, ಇನ್ನೊಂದರಲ್ಲಿ ಇನ್ನೊಬ್ಬ ಕಾವಲುಗಾರ, ಮತ್ತೊಂದರಲ್ಲಿ ಹೆಣ. ಹೆಣವಾಗಿ ಮಲಗಿದ್ದಾಗ ಸೊಳ್ಳೆ ಕಚ್ಚಿತೆಂದು ಕಾಲು ಕೆರೆದುಕೊಂಡರು ಅಂತ ಅವರ ಊರು ಕೊಕ್ಕರ್ಣೆಯ ಜನ ಈಗಲೂ ಹೇಳುವುದುಂಟು. ಭಾವ ಒಪ್ಪುವುದಿಲ್ಲ. ಕೆರೆದದ್ದು ಪಕ್ಕದ ಹೆಣ ಅನ್ನುತ್ತಾರೆ.

ಭಾವ ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ, ಅದನ್ನು ತಮ್ಮನಿಗೆ ಬಿಟ್ಟು ಊರಿಗೆ ಬಂದವರು. ಊರಲ್ಲಿ ಸ್ವಲ್ಪ ಗದ್ದೆ, ಒಂದಷ್ಟು ತೆಂಗಿನಮರ, ಒಂದು ಮೊಬೈಲು. ಬೆಳಗಿನ ಹೊತ್ತು ಗದ್ದೆ, ಮಧ್ಯಾಹ್ನದ ಮೇಲೆ ಮೊಬೈಲು. ಊರಿನ ಯುವಕ ಸಂಘದ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಒಂದು ನಾಟಕ ಆಗುತ್ತದೆ. ಬರೆದು ಆಡಿಸುವವರು ನಿವೃತ್ತರಾದ ಒಬ್ಬ ಮಾಷ್ಟ್ರು. ಆ ವರ್ಷದ ನಾಟಕದಲ್ಲಿ ಊರಿಗೆ ಮರಳಿದ ಒಬ್ಬ ಸೈನಿಕ ಇದ್ದ. ಅವನ ಗದ್ದೆ ನುಂಗಲು ಊರಿನ ಜಮೀನ್ದಾರ ಧನಿ ಬರುತ್ತಾನೆ. ಮೂರನೇ ದೃಶ್ಯದಲ್ಲಿ ಸೈನಿಕ ಕೋವಿಗೆ ಗುಂಡು ತುಂಬಿ, "ಇನ್ನೊಂದು ಹೆಜ್ಜೆ ಇಟ್ಟರೆ ಅದೇ ನಿನ್ನ ಕಡೆಯ ಹೆಜ್ಜೆ" ಅನ್ನಬೇಕು. ನಾಲ್ಕನೇ ದೃಶ್ಯದಲ್ಲಿ ಸೈನಿಕನ ಮಗಳ ಮದುವೆ, ಶುಭಂ. ಆ ಸೈನಿಕನೇ ನಮ್ಮ ಭಾವ.

ನನ್ನದು ಹೆಮ್ಮಾಡಿಯಲ್ಲಿ ವೆಲ್ಡಿಂಗ್ ಶಾಪು. ಗೇಟು, ಗ್ರಿಲ್ಲು, ಬಾವಿಗೆ ಮುಚ್ಚಳ, ಇಂಥವು. ಒಂದು ದಿನ ಗೇಟೊಂದಕ್ಕೆ ನವಿಲು ಕೂರಿಸುತ್ತಿದ್ದಾಗ ಭಾವನ ಫೋನು ಬಂತು.

"ಹ್ವಾಯ್, ನಿನ್ ಹತ್ರ ರಿಸೀವರ್ ಇತ್ತಾ?"

"ಯಾವ್ ನಮೂನಿದ್, ಭಾವ?"

"ಹಳಿದಾದ್ರೂ ಅಡ್ಡಿಲ್ಲೆ. ಗಟ್ಟಿ ಇರ್ಕ್. ಹಿಡ್ಕಂಡ್ರೆ ಕೈ ತುಂಬ ಆಯ್ಕ್."

ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಕೆಂಪು ಲ್ಯಾಂಡ್‌ಲೈನ್ ಫೋನೊಂದು ಇತ್ತು. ಕೈ ತುಂಬ ಬರುವಂಥ ರಿಸೀವರು. ಧೂಳು ಒರೆಸಿ, ಸುರುಳಿ ಬಳ್ಳಿಯ ಸಮೇತ ಚೀಲಕ್ಕೆ ಹಾಕಿಕೊಂಡು ಭಾನುವಾರ ಕೊಕ್ಕರ್ಣೆಗೆ ಹೋದೆ. ಬಾಗಿಲು ತೆಗೆದ ಅಕ್ಕ ಚೀಲದೊಳಗೆ ಇಣುಕಿ ನೋಡಿದಳು.

"ಇದೆಂತಕ್ ತಂದದ್ ನೀನ್? ಈ ಮನಿ ಲೈನ್ ಕಿತ್ತ್ ಹತ್ ವರ್ಷ ಆಯ್ತ್."

"ಭಾವ ಬೇಕ್ ಅಂದ್ರ್."

"ಅವ್ರಿಗ್ ಈಗ ಯಾರಿಗ್ ಫೋನ್ ಮಾಡುಕಂಬ್ರ್?"

ಭಾವ ಒಳಗಿಂದ ಬಂದು ಫೋನು ನೋಡಿ ಹಣೆ ಚಚ್ಚಿಕೊಂಡರು. "ಅರೇ ಮಾರಾಯಾ, ಫೋನಿಂದ್ ಅಲ್ಲ. ಕೋವಿದ್!"

ಚಾವಡಿಯ ಬೆಂಚಿನ ಮೇಲೆ ಅವರ ಕೋವಿ ಮಲಗಿತ್ತು. ಅಂದರೆ ಹಿಂದಿನ ಮರ ಮತ್ತು ಮುಂದಿನ ನಳಿಗೆ. ಮರವನ್ನು ಊರಿನ ಆಚಾರಿಯಿಂದ ಹಲಸಿನಲ್ಲಿ ಕೆತ್ತಿಸಿದ್ದರು. ಆಚಾರಿ ಅಲ್ಲಿಯವರೆಗೆ ಮಾಡಿದ್ದು ಮಣೆ, ಮಂಚ, ತೊಟ್ಟಿಲು. ಹಾಗಾಗಿ ಕೋವಿಯ ಹಿಂಭಾಗಕ್ಕೂ ಒಂದು ತೊಟ್ಟಿಲಿನ ಕಳೆ ಬಂದಿತ್ತು. ನಳಿಗೆ ಪರದೆ ಕಟ್ಟುವ ಸ್ಟೀಲ್ ರಾಡು.

"ಕಾಣ್, ಇದ್ ಮರ, ಇದ್ ನಳಿಗೆ. ಎರಡ್ರ ಮಧ್ಯ ಎಂತ ಇತ್ತ್?"

"ಎಂತದೂ ಇಲ್ಲೆ."

"ಬರೋಬರ್! ಅಲ್ಲಿಪ್ಪುದೇ ರಿಸೀವರ್. ಮನಿಗೆ ಚಾವಡಿ ಹ್ಯಾಂಗೋ ಕೋವಿಗೆ ರಿಸೀವರ್ ಹಾಂಗೆ. ಗುಂಡ್ ಬಂದ್ ಮೊದ್ಲ್ ಕೂಕಂಬುದೇ ಅಲ್ಲಿ."

"ಕೂಕಂಡ ಗುಂಡಿಗೆ ಚಾ ಕೊಡ್ಕಾ?" ಅಡುಗೆಮನೆಯಿಂದ ಅಕ್ಕ ಕೇಳಿದಳು.

ಭಾವ ಕೇಳಿಸದವರಂತೆ ಮೊಬೈಲು ತೆಗೆದರು. ಅದರಲ್ಲಿ ಗಡ್ಡದ ಫಾರಿನ್ ಮನುಷ್ಯನೊಬ್ಬ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು ತನಗೆ ಬೇಕಾದ ಹಾಗೆ ರೈಫಲು ಕಟ್ಟುತ್ತಿದ್ದ. ಭಾವ ಅವನ ವೀಡಿಯೊ ಎಲ್ಲ ನೋಡಿ ಮುಗಿಸಿದ್ದರು. ಅವನ ಇಂಗ್ಲಿಷು ಅರ್ಧವೂ ಅರ್ಥವಾಗಿರಲಿಲ್ಲ, ಆದರೆ ಒಂದು ಮಾತು ಮಾತ್ರ ತಲೆಗೆ ಹೊಕ್ಕಿತ್ತು. ಮರ ಬದಲಾಯಿಸಬಹುದು, ನಳಿಗೆ ಬದಲಾಯಿಸಬಹುದು, ರಿಸೀವರು ಸರಿ ಇಲ್ಲದಿದ್ದರೆ ಆ ಕೋವಿ ಕೋವಿಯೇ ಅಲ್ಲ.

"ನಾಟಕದ್ ಕೋವಿ ಅಲ್ದಾ ಭಾವ? ಮಾಷ್ಟ್ರ್ ಎಂತ ಹೇಳ್ತ್ರ್?"

"ಕೋಲಿಗ್ ಕಪ್ಪ್ ಪೈಂಟ್ ಹೊಡಿನಿ, ಸಾಕ್ ಅಂದ್ರ್." ಆ ಮಾತನ್ನು ನೆನೆದೇ ಅವರ ಮುಖ ಚಿಕ್ಕದಾಯಿತು. "ಕೋಲಿಗೆ ಗುಂಡ್ ತುಂಬುದ್ ಹ್ಯಾಂಗೆ ಮಾರಾಯಾ? ಹಿಡಿ ಎಳ್ದ್ ಬಿಟ್ಟ್ರೆ ಖಟಾಕ್ ಅನ್ಕ್. ಕಡೀ ಸಾಲಿನವ್ರಿಗ್ ಕೇಣ್ಕ್. ಆಗ ಅಲ್ದಾ ಧನಿ ಹೆದ್ರುದ್?"

ಧನಿಯ ಪಾತ್ರ ಮಾಡುವವನು ಊರಿನ ಜಿನಸು ಅಂಗಡಿಯವ. ಅವನು ಹೆದರುವ ಮನುಷ್ಯ ಅಲ್ಲ. ಆದರೂ ನಾನು ಹ್ಞೂಂ ಅಂದೆ. ಗೇಟು ಗ್ರಿಲ್ಲು ಮಾಡಿ ಮಾಡಿ ನನಗೂ ಬೇಸರ ಬಂದಿತ್ತು.

ಮರುದಿನವೇ ಇಬ್ಬರೂ ಕುಂದಾಪುರದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಬಾಗಿಲಿಗೆ ಹಾಕುವ ಚಿಲಕವನ್ನೇ ಕೋವಿಗೆ ಕೂರಿಸಿದರೆ ಹಿಂದೆ ಮುಂದೆ ಸರಿಯುತ್ತದೆ, ಸದ್ದೂ ಬರುತ್ತದೆ ಎಂಬುದು ನನ್ನ ಲೆಕ್ಕ. ಅಂಗಡಿಯವರು ಹಿರಿಯರು, ಯಾವುದಕ್ಕೂ ಗಡಿಬಿಡಿ ಮಾಡುವವರಲ್ಲ.

"ಒಂದ್ ಚಿಲ್ಕ ಬೇಕಿತ್ತ್," ಅಂದರು ಭಾವ, "ಒಳ್ಳೆ ಸೌಂಡ್ ಬಪ್ಪುದ್."

"ಎಲ್ಲರೂ ಸೌಂಡ್ ಬಾರದ್ದ್ ಕೇಂತ್ರ್. ಯಾವ್ ಬಾಗ್ಲಿಗೆ?"

"ಬಾಗ್ಲಿಗಲ್ಲ. ರೈಫಲಿಗೆ."

ಪಕ್ಕದಲ್ಲಿ ನಲ್ಲಿ ಆರಿಸುತ್ತಿದ್ದ ಹೆಂಗಸು ತಲೆ ಎತ್ತಿ ನೋಡಿದಳು. ಅಂಗಡಿಯವರು ಕನ್ನಡಕ ಸರಿ ಮಾಡಿಕೊಂಡು, "ರೈಫಲಿಗೆ ಆರಿಂಚಿಂದ್ ಸಾಕಾ, ಎಂಟಿಂಚ್ ಬೇಕಾ?" ಅಂದರು.

ಹನ್ನೆರಡು ಚಿಲಕಗಳು ಮೇಜಿನ ಮೇಲೆ ಬಂದವು. ಭಾವ ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಎಳೆದು ನೂಕಿದರು. ಸದ್ದಿನ ಮೇಲೆ ಅವನ್ನು ಮೂರು ಗುಂಪು ಮಾಡಿದರು. ಒಂದು ಮಿಲಿಟರಿ, ಒಂದು ಪೊಲೀಸು, ಇನ್ನೊಂದು ಕಪಾಟು. ಅಲ್ಯೂಮಿನಿಯಂ ಚಿಲಕಗಳೆಲ್ಲ ಕಪಾಟಿಗೆ ಹೋದವು. ನಲ್ಲಿಯ ಹೆಂಗಸಿಗೆ ತಡೆಯಲಾಗಲಿಲ್ಲ.

"ಆ ಮೂರ್ನೇದ್ ಒಳ್ಳೆದಿತ್ತಲೆ. ಅದನ್ನ್ ಎಂತಕ್ ಪೊಲೀಸಿಗ್ ಹಾಕ್ದ್ರಿ?"

ಭಾವ ಮೂರನೆಯದನ್ನು ಮತ್ತೊಮ್ಮೆ ಎಳೆದು ನೋಡಿ, ತಪ್ಪು ಒಪ್ಪಿಕೊಂಡು, ಮಿಲಿಟರಿಗೆ ಬಡ್ತಿ ಕೊಟ್ಟರು. ಅದು ಎಂಟಿಂಚಿನ ಹಿತ್ತಾಳೆ ಚಿಲಕ. ಅದನ್ನೇ ತಗೊಂಡೆವು. ನಾವು ಹೊರಡುವಾಗ ಅಂಗಡಿಯವರು, "ಬಾಗ್ಲಿಗ್ ಹಾಕ್ರೆ ಒಂದ್ ವರ್ಷ ಗ್ಯಾರಂಟಿ. ರೈಫಲಿಗ್ ಹಾಕ್ರೆ ನನಗ್ ಗೊತ್ತಿಲ್ಲೆ," ಅಂದರು.

ಬರಿ ಚಿಲಕ ಇದ್ದರೆ ಸಾಲುತ್ತಿರಲಿಲ್ಲ. ಅದು ಒಳಗೆ ಕೂರಲು ಒಂದು ಗಟ್ಟಿ ಕೊಳವೆ ಬೇಕಿತ್ತು. ಬೈಂದೂರಿನ ಗುಜರಿಯಲ್ಲಿ ಬೋಟಿನ ಹಳೆಯ ಸಾಮಾನು ಬಂದಿದೆ ಎಂದು ಗೊತ್ತಾಗಿ, ಮುಂದಿನ ವಾರ ನನ್ನ ಓಮ್ನಿ ವ್ಯಾನು ಹತ್ತಿ ಹೋದೆವು. ಗುಜರಿಯವ ತೂಕದ ಕಲ್ಲಿನ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದ.

"ಎಂತ ಬೇಕ್ ಸ್ವಾಮಿ?"

"ಒಂದ್ ಪೈಪ್. ಕೋವಿ ಮಾಡುಕೆ," ಅಂದರು ಭಾವ.

ಅವನ ಕೈ ಬಾಯಿಯ ಹತ್ತಿರ ನಿಂತಿತು. "ಕೋವಿ ಎಂತಕ್ಕೆ?"

"ಧನಿಗ್ ತೋರ್ಸುಕೆ. ಗದ್ದಿಗ್ ಬತ್ತ ಅವ. ಬಂದ್ ಕೂಡ್ಲೆ ಎದ್ರಿಗ್ ನಿಂತ್ ಖಟಾಕ್!"

"ಯಾವ್ ಧನಿ?"

"ನಮ್ಮೂರ್ ಜಿನ್ಸ್ ಅಂಗ್ಡಿಯವ."

ಗುಜರಿಯವ ಅವಲಕ್ಕಿಯ ತಟ್ಟೆ ಕೆಳಗಿಟ್ಟು ನಿಧಾನ ಎದ್ದ. ನಾನು ನಡುವೆ ಬಾಯಿ ಹಾಕಿದೆ. "ನಾಟ್ಕ ಮಾರ್ರೆ, ನಾಟ್ಕ! ಮೂರ್ನೇ ಸೀನ್!" ಅವನು ಎದೆಯ ಮೇಲೆ ಕೈ ಇಟ್ಟು ಮತ್ತೆ ಕೂತ. ಹೆದರಿಕೆ ಇಳಿದದ್ದೇ ತಡ, ಅವನಿಗೆ ನಮಗಿಂತ ಹೆಚ್ಚು ಉಮೇದು ಬಂತು. ರಾಶಿಯೊಳಗೆ ಹೊಕ್ಕು ಒಂದೊಂದೇ ತರತೊಡಗಿದ. ಮೊದಲು ಸೈಕಲ್ ಪಂಪು. ಭಾವ ಎಳೆದು ಒತ್ತಿದರು. "ಫುಸ್ಸ್" ಅಂತು.

"ಇದೆಂತ, ಧನಿಗೆ ಗಾಳಿ ಹಾಕುಕಾ?"

ಆಮೇಲೆ ಸ್ಕೂಟರಿನ ಶಾಕ್‌ ಅಬ್ಸಾರ್ಬರು ಬಂತು. ಅದನ್ನು ಇಬ್ಬರು ಸೇರಿ ಒತ್ತಿದರೂ ಅಲುಗಲಿಲ್ಲ. ಆಮೇಲೆ ಶಾವಿಗೆ ಒತ್ತುವ ಮಣೆಯ ಹಿತ್ತಾಳೆ ಕೊಳವೆ. ಅದು ನೋಡಲು ಚಂದ ಇತ್ತು, ಅಳತೆಯೂ ಸರಿ ಇತ್ತು, ಆದರೆ ತುದಿಯಲ್ಲಿ ಸಣ್ಣ ಸಣ್ಣ ತೂತು. "ಗುಂಡ್ ಶಾವ್ಗೆ ಆಯಿ ಹೊರ್ಗೆ ಬತ್ತ್," ಎಂದು ಭಾವ ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಟ್ಟರು. ಕೊನೆಗೆ ಸಿಕ್ಕಿದ್ದು ಬೋಟಿನ ಸ್ಟೀಲ್ ಪೈಪಿನ ಒಂದು ಗೇಣು ತುಂಡು. ದಪ್ಪ, ಭಾರ, ಒಳಗೆ ಕನ್ನಡಿಯಂತೆ ನುಣುಪು. ಭಾವ ಅದರ ಒಂದು ತುದಿಗೆ ಕಣ್ಣಿಟ್ಟು ನನ್ನ ಕಡೆ ನೋಡಿ, "ಝಕಾಸ್," ಅಂದರು. ಕಣ್ಣಿನ ಸುತ್ತ ಗ್ರೀಸಿನ ಉಂಗುರ ಮೂಡಿತ್ತು. ನಾನು ಹೇಳಲಿಲ್ಲ.

ಹೆಮ್ಮಾಡಿಗೆ ಬಂದು, ಪೈಪಿನ ಮೇಲ್ಭಾಗ ಕೊಯ್ದು, ಹಿತ್ತಾಳೆಗೆ ವೆಲ್ಡಿಂಗ್ ಕೂರುವುದಿಲ್ಲವೆಂದು ಸ್ಕ್ರೂ ಹಾಕಿ ಚಿಲಕ ಕೂರಿಸಿದೆ. ಮರ, ರಿಸೀವರು, ನಳಿಗೆ ಮೂರೂ ಒಂದಾದವು. ದೂರದಿಂದ ನೋಡಿದರೆ ಕೋವಿಯೇ. ಅದನ್ನು ಓಮ್ನಿಯ ಹಿಂದಿನ ಸೀಟಿನಲ್ಲಿ ಮಲಗಿಸಿ ಭಾವ ತಮ್ಮ ಹೆಗಲ ಮೇಲಿನ ಬೈರಾಸು, ಅಂದರೆ ಟವೆಲು, ಹೊದೆಸಿದರು. ಅದೇ ಸಂಜೆ ಕೊಕ್ಕರ್ಣೆಯಲ್ಲಿ ರಿಹರ್ಸಲ್ ಇತ್ತು.

ಅದು ಎಲೆಕ್ಷನ್ ಬಂದ ಸಮಯ ಎಂಬುದು ನಮಗೆ ನೆನಪಾದದ್ದು ಸಾಸ್ತಾನದ ಟೋಲು ದಾಟಿದ ಮೇಲೆ. ರಸ್ತೆ ಬದಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಎಳೆಯ ವಯಸ್ಸಿನ ಕಾನ್‌ಸ್ಟೇಬಲ್ ಒಬ್ಬರು ಕಿಟಕಿಯಲ್ಲಿ ಇಣುಕಿದರು.

"ಹಿಂದ್ ಮಲ್ಕಂಡದ್ ಯಾರ್? ಹುಷಾರಿಲ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಭಾವ ಅಭಿಮಾನದಿಂದ ಹೇಳಿಬಿಟ್ಟರು. "ರೈಫಲ್."

ಆಮೇಲೆ ಎಲ್ಲ ಬೇಗ ಬೇಗ ಆಯಿತು. ನಾವಿಬ್ಬರೂ ಕೆಳಗೆ, ಕೈ ಮೇಲೆ. ಬೈರಾಸು ಸರಿಸಿದರು. ತೊಟ್ಟಿಲಿನ ಹಿಂಭಾಗ, ಪರದೆಯ ರಾಡು, ನಡುವೆ ಬಾಗಿಲ ಚಿಲಕ. ಕಾನ್‌ಸ್ಟೇಬಲ್ಲಿಗೆ ಏನು ಮಾಡುವುದೆಂದು ತೋಚದೆ ದೊಡ್ಡವರನ್ನು ಕರೆದರು. ಬಂದವರು ರಿಟೈರಾಗಲು ಹತ್ತಿರವಿದ್ದ ಹೆಡ್ ಕಾನ್‌ಸ್ಟೇಬಲ್, ತುಂಬು ಮೀಸೆ. ಭಾವ ಕೈ ಮೇಲೆತ್ತಿಕೊಂಡೇ ಇಡೀ ಮೂರನೇ ದೃಶ್ಯ ಒಪ್ಪಿಸಿದರು. ಧನಿಯ ಮಾತುಗಳನ್ನೂ ಅವರೇ ಹೇಳಿದರು. ಹಿಂದೆ ನಿಂತ ಬಸ್ಸಿನ ಕಿಟಕಿಗಳಲ್ಲಿ ತಲೆಗಳು ತುಂಬಿದವು.

ಹೆಡ್ ಕಾನ್‌ಸ್ಟೇಬಲ್ ಕೊನೆಯವರೆಗೂ ಕೇಳಿದರು. ಕೋವಿ ಎತ್ತಿಕೊಂಡರು, ಭುಜಕ್ಕೆ ಹಿಡಿದರು, ಚಿಲಕ ಎಳೆದರು, ನೂಕಿದರು. ಮತ್ತೊಮ್ಮೆ ಎಳೆದರು. ನಗಬಹುದು, ಇಲ್ಲ ಬೈಯಬಹುದು ಅಂತ ನಾನು ಕಾದೆ. ಅವರು ಎರಡೂ ಮಾಡಲಿಲ್ಲ. ಮುಖದಲ್ಲಿ ನಿಜವಾದ ಸಂಕಟ ಕಂಡಿತು.

"ಇದ್ರ ರಿಸೀವರ್ ಸಮ ಇಲ್ಲೆ ಮಾರಾಯ್ರೆ."

"ಎಂತಾಯ್ತ್?" ಅಂದರು ಭಾವ, ಕೈ ಇಳಿಸಿ.

"ಇದ್ ಬರೀ ಹಿಂದ್ ಮುಂದ್ ಹೋತ್ತ್. ಹಿಡಿ ಮೊದ್ಲ್ ಮೇಲ್ ಎತ್ಕ್. ಮತ್ತ್ ಹಿಂದೆ ಎಳಿಕ್. ಮತ್ತ್ ಮುಂದ್ ನೂಕ್ಕ್. ಮತ್ತ್ ಕೆಳ್ಗೆ. ನಾಕ್ ಸೌಂಡ್. ನಿಮ್ದ್ ಎರಡೇ." ಅವರು ಬರಿಗೈಯಲ್ಲೇ ಗಾಳಿಯಲ್ಲಿ ಮಾಡಿ ತೋರಿಸಿದರು, ಸದ್ದನ್ನು ಬಾಯಲ್ಲಿ ಹೊರಡಿಸಿದರು. "ಟಕ್. ಸರ್ರ್. ಖಟ್. ಟಕ್. ನಾನ್ ಟ್ರೈನಿಂಗಲ್ಲಿ ಎಷ್ಟ್ ಸಲ ಮಾಡಿದ್ದೆ ಗೊತ್ತಿತ್ತಾ?"

ಭಾವ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು. ಬಸ್ಸಿನವ ಹಾರನ್ ಹೊಡೆದ. ಹೆಡ್ ಕಾನ್‌ಸ್ಟೇಬಲ್ ಕೋವಿ ಹಿಂತಿರುಗಿಸುತ್ತಾ, "ಎರಡ್ ಬದಿಗೂ ದೊಡ್ಡ್ ಅಕ್ಷರ್ದಗೆ ನಾಟಕದ್ದು ಅಂದೇಳಿ ಬರೀನಿ. ಎಲ್ಲಾ ಕಡೆ ನನ್ನಂಗೆ ಕೇಂತಾ ಕೂಕಂಬುದಿಲ್ಲೆ," ಅಂದರು. ಅಲ್ಲೇ ಪಕ್ಕದ ಅಂಗಡಿಯಿಂದ ಬಿಳಿ ಪೈಂಟಿನ ಡಬ್ಬಿ ತಂದು, ಅವರೆದುರೇ ಹಲಸಿನ ಮರದ ಎರಡೂ ಬದಿಗೆ 'ನಾಟಕದ್ದು' ಎಂದು ಬರೆದು ಹೊರಟೆವು.

ಬ್ರಹ್ಮಾವರದಲ್ಲಿ ಗಾಡಿ ನಿಲ್ಲಿಸಿ ಚಾ ಕುಡಿಯುವಾ ಎಂದೆ. ಬೇಡ ಅಂದರು. ಭಾವನ ಬಾಯಲ್ಲಿ ಚಾ ಬೇಡ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಮನೆಯ ಹತ್ತಿರ ಬಂದಾಗ ಮಾತ್ರ, "ಎರಡೇ ಸೌಂಡ್ ಅಂಬ್ರಲೆ," ಎಂದು ಒಂದು ಉಸಿರು ಬಿಟ್ಟರು.

ಮುಂದಿನ ಹದಿನೈದು ದಿನ ನನ್ನ ಶಾಪಿನಲ್ಲಿ ಕೆಲಸ ನಿಂತೇಹೋಯಿತು. ಎತ್ತಿ, ಎಳೆದು, ನೂಕಿ, ಇಳಿಸುವ ಹಿಡಿ ಮಾಡಲು ನಾನು ಮೂರು ನಮೂನೆ ಮಾಡಿದೆ. ಒಂದು ಎತ್ತಿದರೆ ಇಳಿಯುತ್ತಿರಲಿಲ್ಲ. ಒಂದು ಎಳೆದರೆ ಕೈಗೇ ಬರುತ್ತಿತ್ತು. ಮೂರನೆಯದು ಎಲ್ಲ ಮಾಡುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ನವಿಲಿನ ಗೇಟಿನವರು ಎರಡು ಸಲ ಬಂದು ಬೈದು ಹೋದರು.

ಹೀಗಿರುವಾಗ ಒಂದು ಬೆಳಿಗ್ಗೆ ನಾಲ್ಕನೇ ನಮೂನೆ ಹಿಡಿದುಕೊಂಡು ಕೊಕ್ಕರ್ಣೆಗೆ ಹೋದೆ. ಭಾವ ಚಾವಡಿಯಲ್ಲಿ ನೀರುದೋಸೆ ತಿನ್ನುತ್ತಿದ್ದರು. ಅಕ್ಕ ಬೈರಾಸು ಹೆಗಲಿಗೆ ಹಾಕಿಕೊಂಡು ಬಚ್ಚಲುಮನೆಗೆ ಹೋಗಿ ಒಳಗಿಂದ ಬಾಗಿಲು ಹಾಕಿಕೊಂಡಳು. ಏನೋ ಮರೆತದ್ದು ನೆನಪಾಗಿ ತೆಗೆದು, ಮತ್ತೆ ಹಾಕಿಕೊಂಡಳು.

ಟಕ್. ಸರ್ರ್. ಖಟ್. ಟಕ್.

ಭಾವನ ಕೈಯ ದೋಸೆ ಚಟ್ನಿಯ ಮೇಲೆ ಬಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಬಚ್ಚಲ ಬಾಗಿಲಿಗೆ ಇದ್ದದ್ದು ಆಲ್ಡ್ರಾಪ್. ದಪ್ಪ ಸರಳಿಗೆ ಒಂದು ಹಿಡಿ ಇರುವ ಹಳೆಯ ಕಾಲದ ಅಗುಳಿ. ಹಿಡಿಯನ್ನು ಮೇಲೆತ್ತಿದರೆ ಮಾತ್ರ ಸರಳು ಸರಿಯುತ್ತದೆ, ಸರಿಸಿದ ಮೇಲೆ ಹಿಡಿಯನ್ನು ಕೆಳಗೆ ಬೀಳಿಸಬೇಕು. ನನ್ನ ಕಸುಬಿನಲ್ಲಿ ನೂರಾರು ಬಾಗಿಲಿಗೆ ಅದನ್ನೇ ಹಾಕಿದ್ದೇನೆ. ಒಮ್ಮೆಯೂ ಕಿವಿ ಕೊಟ್ಟು ಕೇಳಿರಲಿಲ್ಲ. ಭಾವ ಆಗಲೇ ಬಚ್ಚಲ ಬಾಗಿಲಿಗೆ ಕಿವಿ ಇಟ್ಟು ನಿಂತಿದ್ದರು.

"ಏ, ಕೇಂತಾ? ಇನ್ನೊಂದ್ ಸಲ ತೆಗ್ದ್ ಹಾಕ್!"

"ಎಂತದ್ ಇನ್ನೊಂದ್ ಸಲ?" ಒಳಗಿಂದ ಅಕ್ಕ ಕಿರುಚಿದಳು. "ನಾನ್ ಮೀವುದಾ ಬ್ಯಾಡ್ದಾ? ಆಚಿ ಹೋಯ್ನಿ!"

ಹೊಸ ಆಲ್ಡ್ರಾಪುಗಳನ್ನು ತಂದು ನೋಡಿದೆವು. ಚಲನೆ ಅದೇ, ಸದ್ದು ಮಾತ್ರ ಕಪಾಟಿನದು. ವರ್ಷಗಟ್ಟಲೆ ಹಬೆಯಲ್ಲಿ ಬೆಂದು, ಸವೆದು, ಸಡಿಲಾದ ಹಳೆಯದರ ಗತ್ತೇ ಬೇರೆ. ಅದೇ ಬೇಕು ಎಂದು ಭಾವ ಹಟ ಹಿಡಿದರು. ಹೊಸದನ್ನು ಕೂರಿಸಿದ ಮೇಲೆಯೇ ಹಳೆಯದನ್ನು ಮುಟ್ಟಬೇಕು ಎಂದು ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದಳು. ನಾನು ಸ್ಕ್ರೂ ತರಲು ಹೋಗಿ ಬರುವಷ್ಟರಲ್ಲಿ ಭಾವ ಹಳೆಯದನ್ನು ಕಿತ್ತು ಮುಗಿಸಿದ್ದರು. ಅದರ ಜೊತೆ ಬಾಗಿಲಿನ ಗೆದ್ದಲು ತಿಂದ ಹಲಗೆಯೂ ಕಿತ್ತು ಬಂದಿತ್ತು. ಹೊಸದನ್ನು ಹಾಕಲು ಮರವೇ ಉಳಿದಿರಲಿಲ್ಲ. ಆಚಾರಿ ಬರುವವರೆಗೆ ಎರಡು ದಿನ ಬಾಗಿಲಿಗೆ ಹಗ್ಗ ಕಟ್ಟಿದ್ದಾಯಿತು. ಒಳಗೆ ಇದ್ದವರು ಹಾಡುತ್ತಿರಬೇಕು ಎಂದು ಕಟ್ಟಳೆ. ಅಕ್ಕನಿಗೆ ಹಾಡು ಬಾರದು. ಅವಳು ಹದಿಮೂರರ ಮಗ್ಗಿ ಹೇಳುತ್ತಾ ಮೀಯುತ್ತಿದ್ದಳು. ಹದಿಮೂರೇಳರ ಹತ್ತಿರ ತಪ್ಪಿದರೆ ಚಾವಡಿಯಿಂದ ಭಾವ ತಿದ್ದುತ್ತಿದ್ದರು. ಆ ಎರಡು ದಿನ ಅವಳು ಗಂಡನ ಜೊತೆ ಅಷ್ಟೇ ಮಾತಾಡಿದ್ದು.

ಬೋಟಿನ ಪೈಪಿನೊಳಗೆ ಬಚ್ಚಲಿನ ಆಲ್ಡ್ರಾಪು ಹೇಳಿ ಮಾಡಿಸಿದಂತೆ ಕೂತಿತು. ಮೊದಲ ಸಲ ಎತ್ತಿ, ಎಳೆದು, ನೂಕಿ, ಇಳಿಸಿದಾಗ ಶಾಪಿನ ತಗಡಿನ ಮಾಡಿನಲ್ಲಿ ಸದ್ದು ಗಣಗಣಿಸಿತು. ಭಾವ ನನ್ನನ್ನು ತಬ್ಬಿಕೊಂಡರು. ನನಗೂ ಕಣ್ಣು ತುಂಬಿ ಬಂತು. ವೆಲ್ಡಿಂಗ್ ಮಾಡುವವನ ಕಣ್ಣು, ಹೆಚ್ಚು ನಂಬಬೇಡಿ.

ನಾಟಕ ನಡೆದದ್ದು ಶಾಲೆಯ ಮೈದಾನದಲ್ಲಿ, ಸಂಜೆ. ಮುಂದಿನ ಸಾಲಿನಲ್ಲಿ ಅಕ್ಕ, ಅವಳ ಪಕ್ಕದಲ್ಲಿ ನಾನು. ಮೂರನೇ ದೃಶ್ಯದಲ್ಲಿ ಧನಿ ಗದ್ದೆಗೆ ಕಾಲಿಟ್ಟ. ಭಾವ ಯೂನಿಫಾರ್ಮಿನಲ್ಲಿ ಬಂದು ಅಡ್ಡ ನಿಂತರು. ಬಿಳಿ ಅಕ್ಷರದ 'ನಾಟಕದ್ದು' ಪ್ರೇಕ್ಷಕರ ಕಡೆಗೇ ತಿರುಗಿತ್ತು. ಯಾರೋ ಕಿಸಕ್ ಎಂದರು. ಆಗ ಭಾವ ಹಿಡಿ ಎತ್ತಿದರು. ಟಕ್, ಸರ್ರ್, ಖಟ್, ಟಕ್. ಮೈಕು ಹತ್ತಿರವೇ ಇದ್ದದ್ದರಿಂದ ಸದ್ದು ಮೈದಾನ ದಾಟಿ ರಸ್ತೆಗೆ ಹೋಯಿತು. ಗದ್ದಲ ನಿಂತಿತು. ಜಿನಸು ಅಂಗಡಿಯವ, ದೇವರಾಣೆ, ಒಂದು ಹೆಜ್ಜೆ ಹಿಂದಿಟ್ಟ. ರಿಹರ್ಸಲಿನಲ್ಲಿ ಅವನು ಒಮ್ಮೆಯೂ ಹಾಗೆ ಮಾಡಿರಲಿಲ್ಲವಂತೆ. ಭಾವ ಸದ್ದು ಆರುವವರೆಗೆ ಕಾದು, "ಇನ್ನೊಂದು ಹೆಜ್ಜೆ ಇಟ್ಟರೆ ಅದೇ ನಿನ್ನ ಕಡೆಯ ಹೆಜ್ಜೆ," ಅಂದರು. ಚಪ್ಪಾಳೆ ಬಿತ್ತು.

ಪರದೆ ಬಿದ್ದು ಸ್ವಲ್ಪ ಹೊತ್ತಾಯಿತು. ನಾಲ್ಕನೇ ದೃಶ್ಯ, ಮದುವೆ ಮಂಟಪ. ಹೆಣ್ಣಿನ ತಂದೆ ಬಿಳಿ ಪಂಚೆ, ಶಾಲಿನಲ್ಲಿ ಬರಬೇಕಿತ್ತು. ಭಾವ ಬಂದದ್ದು ಯೂನಿಫಾರ್ಮಿನಲ್ಲೇ, ಕೋವಿ ಹಿಡಿದುಕೊಂಡು. ಹಿಡಿದುಕೊಂಡದ್ದಲ್ಲ, ಕೋವಿಯೇ ಅವರನ್ನು ಹಿಡಿದುಕೊಂಡಿತ್ತು. ಸರಳು ಮುಂದೆ ಹೋಗುವಾಗ ಅಂಗಿಯ ಬಲಗೈ ತೋಳಿನ ತುದಿಯನ್ನು ಗುಂಡಿಯ ಸಮೇತ ಕೊಳವೆಯೊಳಗೆ ಎಳೆದುಕೊಂಡಿತ್ತು. ಪರದೆಯ ಹಿಂದೆ ಎಷ್ಟು ಎಳೆದರೂ ಬಿಟ್ಟಿರಲಿಲ್ಲ. ಅಂಗಿ ಬಿಚ್ಚಲೂ ಆಗಿರಲಿಲ್ಲ. "ಮಿಲಿಟರಿಯವ್ರ್ ಮಗಳ್ ಮದಿಗೂ ಹೀಂಗೇ ಇರ್ತ್ರ್, ಹೋಯ್ನಿ," ಎಂದು ಮಾಷ್ಟ್ರು ದೂಡಿ ಕಳಿಸಿದ್ದರಂತೆ.

ಭಟ್ರು ಅಕ್ಷತೆ ಹಾಕಿ ಎಂದರು. ಭಾವ ಬಲಗೈ ಎತ್ತಿದರು. ಕೋವಿಯೂ ಎದ್ದು ಮದುಮಗನ ಮೂಗಿನ ನೇರಕ್ಕೆ ನಿಂತಿತು. ಮದುಮಗ ಬಗ್ಗಿದ. ಕೈ ಇಳಿಯಿತು, ಮದುಮಗ ಎದ್ದ. ಮತ್ತೆ ಅಕ್ಷತೆ, ಮತ್ತೆ ಕೋವಿ, ಮತ್ತೆ ಮದುಮಗ ಮಣೆಯ ಹಿಂದೆ. ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಅಷ್ಟರಲ್ಲಿ ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು. ಮಾಷ್ಟ್ರು.

"ಇದನ್ನ್ ಮಾಡದ್ ನೀವೇ ಅಲ್ದಾ? ಬನ್ನಿ."

"ಸ್ಟೇಜಿಗಾ? ನಾನಾ?"

"ಮದಿಗ್ ಬಂದವ್ರಂಗೆ ಹೋಯ್ನಿ. ಯಾರಿಗೂ ಗೊತ್ತಾತಿಲ್ಲೆ."

ಓಮ್ನಿಯಿಂದ ಕಟಿಂಗ್ ಪ್ಲೇಯರು, ಸ್ಕ್ರೂಡ್ರೈವರು ತಂದೆ. ಅವನ್ನು ಪೇಪರಿನಲ್ಲಿ ಸುತ್ತಿ ಉಡುಗೊರೆಯ ಹಾಗೆ ಎದೆಗೆ ಒತ್ತಿಕೊಂಡು ಹತ್ತಿದೆ. ಮನಸ್ಸು ಬದಲಾಯಿಸಿ ಮದುವೆಗೆ ಬಂದಿದ್ದ ಧನಿ, ಅಂದರೆ ಜಿನಸು ಅಂಗಡಿಯವ, ಅಪರಿಚಿತ ಮುಖ ಕಂಡು ತನ್ನದೇ ಒಂದು ಮಾತು ಹಾಕಿದ.

"ನೀವ್ ಯಾರ್ ಬದಿಯವ್ರ್? ಗಂಡಿನ್ ಬದಿಯಾ, ಹೆಣ್ಣಿನ್ ಬದಿಯಾ?"

ಇದ್ದದ್ದು ಇದ್ದ ಹಾಗೆ ಬಾಯಿಗೆ ಬಂತು.

"ಕೋವಿ ಬದಿಯವ."

ಮೈದಾನ ಬಿದ್ದು ಬಿದ್ದು ನಕ್ಕಿತು. ಅಷ್ಟು ಜನ ನನ್ನ ಮಾತಿಗೆ ನಕ್ಕದ್ದು ಹುಟ್ಟಿದ ಮೇಲೆ ಅದೇ ಮೊದಲು. ನಾನು ಕಿವಿ ಕೆಂಪಗೆ ಮಾಡಿಕೊಂಡು ಭಾವನ ತೋಳಿನ ಬಳಿ ಕೂತು ಸ್ಕ್ರೂ ತಿರುಗಿಸಿದೆ. "ಜಾಗ್ರತಿ ಮಾರಾಯಾ, ರಿಸೀವರ್ ಹಾಳಾಪುಕಿಲ್ಲೆ," ಎಂದು ಭಾವ ಪಿಸುಗುಟ್ಟಿದರು. ಮೈಕು ಅದನ್ನೂ ಊರಿಗೆ ಹೇಳಿತು. ನಾಲ್ಕನೇ ಸ್ಕ್ರೂ ಬಿಚ್ಚಿದ ಕೂಡಲೇ ಆಲ್ಡ್ರಾಪು ಢಣ್ ಎಂದು ಕೆಳಗೆ ಬಿದ್ದು, ಉರುಳಿ, ಮದುಮಗಳ ಕಾಲ ಬಳಿ ನಿಂತಿತು. ತೋಳು ಬಿಡುಗಡೆಯಾಯಿತು.

ಭಾವ ಬರಿಗೈ ನೋಡಿಕೊಂಡರು, ತುಂಡಾದ ಕೋವಿಯನ್ನು ನೋಡಿದರು. ಆಮೇಲೆ ಅದನ್ನು ಮಂಟಪದ ಕೆಳಗೆ ಮೆಲ್ಲನೆ ಇಟ್ಟು, ಧನಿಯ ಕೈ ಹಿಡಿದು, ಯಾವ ಪುಸ್ತಕದಲ್ಲೂ ಇಲ್ಲದ ಮಾತು ಹೇಳಿದರು. "ಇನ್ನ್ ಈ ಮನಿಗ್ ಕೋವಿ ಬ್ಯಾಡ."

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಕ್ಕ ಸೆರಗು ತೆಗೆದು ನಿಜವಾಗಿಯೂ ಅತ್ತಳು, ನಗುತ್ತಿದ್ದವಳು ಅಳಲು ಯಾವಾಗ ಶುರು ಮಾಡಿದಳೋ ನನಗೆ ಗೊತ್ತಾಗಲಿಲ್ಲ. ಮುಖ್ಯ ಅತಿಥಿಗಳು ಭಾಷಣದಲ್ಲಿ ಶಾಂತಿಯ ಸಂದೇಶ ಎಂದರು. ಮಾಷ್ಟ್ರು ಎದ್ದು, ಕೊನೆಗೆ ಕೋವಿ ಕಳಚಿ ಬೀಳುವುದು ಒಂದು ಸಂಕೇತ, ಅದನ್ನು ತಾನು ಮೊದಲೇ ಯೋಚಿಸಿದ್ದೆ ಎಂದು ನಾಚಿಕೆಯಿಲ್ಲದೆ ಹೇಳಿದರು.

ತಿಂಗಳು ಕಳೆದ ಮೇಲೆ ಬೈಂದೂರಿನ ಕಡೆಯ ಒಂದು ಸಂಘದವರು ಅದೇ ನಾಟಕ ಬೇಕೆಂದು ಕರೆದರು. ಮಾಷ್ಟ್ರು ಪುಸ್ತಕ ತಿದ್ದಿ ಬರೆದಿದ್ದರು. ಅದರಲ್ಲಿ ಈಗ 'ಕೋವಿ ಬದಿಯವ' ಎಂಬ ಪಾತ್ರ ಇತ್ತು, ಒಂದು ಮಾತು ಇತ್ತು, ಮಾಡಲು ನಾನೇ ಆಗಬೇಕಿತ್ತು. ಹದಿನೈದು ದಿನ ವೆಲ್ಡಿಂಗ್ ಮಾಡುವಾಗಲೂ ಆ ಎರಡು ಶಬ್ದಗಳನ್ನೇ ಬಾಯಿಪಾಠ ಮಾಡಿದೆ. ಏರಿಸಿ ಹೇಳಿದೆ, ಇಳಿಸಿ ಹೇಳಿದೆ, ಕೈ ಎತ್ತಿ ಹೇಳಿದೆ.

ಬೈಂದೂರಿನಲ್ಲಿ ಯಾರೂ ನಗಲಿಲ್ಲ. ಒಬ್ಬರು ಮಾತ್ರ, ನಾಟಕ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಸ್ಟೇಜಿನ ಹಿಂದೆ ಬಂದರು. ಬಣ್ಣ ಹಚ್ಚಿದ ನನ್ನ ಮುಖವನ್ನು ತುಂಬಾ ಹೊತ್ತು ನೋಡಿ, "ನೀವ್ ಹೆಮ್ಮಾಡಿ ಗ್ರಿಲ್ಲಿನವ್ರಲ್ದಾ? ನಮ್ಮನಿ ಗೇಟಿಗ್ ಅಳತಿ ತಕಂಬುಕೆ ಯಾವಾಗ ಬತ್ರಿ?" ಎಂದು ಕೇಳಿದರು.